ಡರ್ಮಟೊಮಯೊಸೈಟಿಸ್ ಎಂದ ಮೇಲೆ ಕ್ಯಾನ್ಸರ್ ತಪಾಸಣೆ ಏಕೆ?

ಪ್ರಶ್ನೆ

ನನ್ನ ತಾಯಿಗೆ 56 ವರ್ಷ. ಕೆಲವು ತಿಂಗಳುಗಳಿಂದ ನೆಲದಿಂದ ಎದ್ದು ನಿಲ್ಲಲು, ತಲೆ ಬಾಚಿಕೊಳ್ಳಲು ಅವರಿಗೆ ಬಹಳ ಕಷ್ಟವಾಗುತ್ತಿದೆ. ಬೆರಳಿನ ಕೀಲುಗಳೂ ಊದಿಕೊಂಡಿವೆ. ಕಣ್ಣಿನ ರೆಪ್ಪೆಗಳು ನೇರಳೆ ಬಣ್ಣಕ್ಕೆ ತಿರುಗಿ, ಬೆರಳ ಗೆಣ್ಣುಗಳ ಮೇಲೆ ಕೆಂಪು ದದ್ದು ಎದ್ದಾಗ ವಾತರೋಗ ತಜ್ಞರು ಡರ್ಮಟೊಮಯೊಸೈಟಿಸ್ (ಸ್ನಾಯು ಮತ್ತು ಚರ್ಮದ ಉರಿಯೂತದ ಕಾಯಿಲೆ) ಎಂದು ಗುರುತಿಸಿ ಸ್ಟೀರಾಯ್ಡ್ ಆರಂಭಿಸಿದರು. ಅದರ ಜೊತೆಗೇ ಮ್ಯಾಮೊಗ್ರಫಿ (ಸ್ತನದ ಎಕ್ಸ್-ರೇ), ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್, ಅಂಡಾಶಯದ ಕ್ಯಾನ್ಸರಿನ ಸುಳಿವು ಕೊಡಬಲ್ಲ ಸಿಎ-125 ರಕ್ತಪರೀಕ್ಷೆಗಳನ್ನೂ ಬರೆದುಕೊಟ್ಟಿದ್ದಾರೆ. ಮಾತ್ರೆಯಿಂದ ಗುಣ ಕಾಣುತ್ತಿರುವಾಗ ಇಷ್ಟು ಖರ್ಚು ಏಕೆಂದು ಬಂಧುಗಳು ಕೇಳುತ್ತಿದ್ದಾರೆ, ಅಮ್ಮ ಹೆದರಿದ್ದಾರೆ. ಈ ಪರೀಕ್ಷೆಗಳು ನಿಜವಾಗಿಯೂ ಅಗತ್ಯವೇ?

ಉತ್ತರ 1

ಅಗತ್ಯ, ದಯವಿಟ್ಟು ಮುಂದೂಡಬೇಡಿ. ವಯಸ್ಕರಲ್ಲಿ ಈ ಕಾಯಿಲೆಯ ಹಿಂದೆ ಕೆಲವೊಮ್ಮೆ ಅಂಡಾಶಯ, ಸ್ತನ, ಶ್ವಾಸಕೋಶ, ಜಠರ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಅಡಗಿರುತ್ತದೆ. ಗಡ್ಡೆಯ ಜೀವಕೋಶಗಳಲ್ಲಿ ಬದಲಾದ ಪ್ರೋಟೀನುಗಳ ವಿರುದ್ಧ ದೇಹದ ರೋಗನಿರೋಧಕ ವ್ಯವಸ್ಥೆ ಎದ್ದಾಗ, ಅದೇ ಬಗೆಯ ಪ್ರೋಟೀನುಗಳಿರುವ ಸ್ನಾಯು ಮತ್ತು ಚರ್ಮಗಳೂ ಅದರ ದಾಳಿಗೆ ಒಳಗಾಗುತ್ತವೆ ಎಂಬುದು ಇದಕ್ಕೆ ಈಗ ಕೊಡುವ ಮುಖ್ಯ ವಿವರಣೆ. ಹಾಗಾಗಿ ಸ್ಟೀರಾಯ್ಡ್‌ನಿಂದ ಬಲ ಮರಳಿದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದು ಹೇಳಲಾಗದು.

ಮಯೊಸೈಟಿಸ್ (ಸ್ನಾಯು ಉರಿಯೂತ) ಆಂಟಿಬಾಡಿ ರಕ್ತಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ಅದರಲ್ಲಿ ಟಿಐಎಫ್1-ಗಾಮಾ ಅಥವಾ ಎನ್‌ಎಕ್ಸ್‌ಪಿ2 ಎಂಬ ಆಂಟಿಬಾಡಿ ಪಾಸಿಟಿವ್ ಬಂದರೆ ಹೆಚ್ಚು ಆಳವಾದ ಹುಡುಕಾಟ ಬೇಕಾಗುತ್ತದೆ. ಈ ರೋಗವಿರುವ ಬಹುಪಾಲು ಜನರಲ್ಲಿ ಕ್ಯಾನ್ಸರ್ ಸಿಗುವುದಿಲ್ಲ ಎಂಬುದನ್ನು ತಾಯಿಯವರಿಗೆ ಖಂಡಿತ ತಿಳಿಸಿ.

ಉತ್ತರ 2

ನಮ್ಮ ಅಣ್ಣನವರಿಗೂ ಇದೇ ಕಾಯಿಲೆ. ಮೊದಲ ಸುತ್ತಿನ ತಪಾಸಣೆಯಲ್ಲಿ ಏನೂ ಸಿಗಲಿಲ್ಲ. ಮರುವರ್ಷ ಕರುಳಿನಲ್ಲಿ ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆಯ ಬಳಿಕ, ಮಾತ್ರೆಗಳಿಗೆ ಅಷ್ಟಾಗಿ ಬಗ್ಗದಿದ್ದ ತೊಡೆ-ಭುಜಗಳ ನಿಶ್ಶಕ್ತಿಯೂ ಇಳಿಯಿತು. ಅಪಾಯವು ಮೊದಲ ವರ್ಷದಲ್ಲಿ ಅತಿ ಹೆಚ್ಚಿದ್ದು, ಸುಮಾರು 3 ವರ್ಷಗಳವರೆಗೆ ಎಚ್ಚರ ಬೇಕೆಂದು ವೈದ್ಯರು ಹೇಳಿದ್ದರು. ಆದ್ದರಿಂದ ಈಗಿನ ವರದಿಗಳು ಚೆನ್ನಾಗಿ ಬಂದರೂ ಮುಂದಿನ ತಪಾಸಣೆ ಯಾವಾಗ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಉತ್ತರ 3

ಕೀಲು ಊತದ ಬಗ್ಗೆ ಒಂದು ಮಾತು: ಅದು ಈ ರೋಗದಲ್ಲೇ ಬರಬಹುದು. ಆದರೆ ಬೆರಳ ತುದಿಗಳು ಉಬ್ಬಿ ಉಗುರುಗಳು ದುಂಡಗಾಗಿ, ಮೊಣಕಾಲಿನ ಕೆಳಗೆ ಮೂಳೆನೋವಿದ್ದರೆ ಅದನ್ನು ಬೇರೆಯಾಗಿಯೇ ವೈದ್ಯರಿಗೆ ತೋರಿಸಿ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹಾಗಾಗುವುದುಂಟು. ತಾಯಿಯವರಿಗೆ ನುಂಗುವಾಗ ಕೆಮ್ಮು ಬರುತ್ತಿದ್ದರೆ ಸ್ಕ್ಯಾನ್ ದಿನದವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಗಂಟಲಿನ ಸ್ನಾಯುಗಳು ಸೋತಾಗ ಆಹಾರ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಸ್ಟೀರಾಯ್ಡ್ ಅನ್ನು ನೀವಾಗಿ ನಿಲ್ಲಿಸಬೇಡಿ.