ಹಳೆ ಡೈರೆಕ್ಟರಿಯಲ್ಲಿ ಮುತ್ತಜ್ಜನ ಹೆಸರು ಸಿಗುತ್ತಿಲ್ಲ (ಬೆಳಗಾವಿ, ಖಡೇಬಜಾರ)

ಗೋಕಾಕದಾಕಿ:
ನಮಸ್ಕಾರ ಎಲ್ಲರಿಗೂ. ನಮ್ಮ ಮುತ್ತಜ್ಜ ಬೆಳಗಾವಿ ಖಡೇಬಜಾರದಲ್ಲಿ ಬೆಳ್ಳಿ-ಬಂಗಾರದ ಅಂಗಡಿ ಇಟ್ಟಿದ್ದರಂತೆ, 1910ರ ಆಸುಪಾಸು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಕ್ಕ ಥ್ಯಾಕರ್ಸ್ ಇಂಡಿಯನ್ ಡೈರೆಕ್ಟರಿಗಳಲ್ಲಿ (ಬ್ರಿಟಿಷರ ಕಾಲದ ಹೆಸರು-ವಿಳಾಸಗಳ ಪುಸ್ತಕ) ಅಡ್ಡಹೆಸರು ಹಾಕಿ ಹುಡುಕಿದೆ. ಏನೂ ಬರಲ್ಲ. ಮನೆಯಲ್ಲಿ ಉಳಿದಿರುವುದು ಒಂದು ಪಾವತಿ ಮಾತ್ರ, ಅದೂ ಮೋಡಿ ಅಕ್ಷರದ್ದು, ಅಂದರೆ ಮರಾಠಿಯ ಹಳೆ ಕೂಡುಬರಹ. ಓದಲು ಬರಲ್ಲ. ಮುಂದೇನು ಮಾಡಲಿ?

ಟಿಳಕವಾಡಿ ಕಾಕಾ:
ಅಕ್ಕಾರ, ಸರ್ಚ್ ನಂಬಬೇಡಿ. ಹಳೆ ಅಚ್ಚನ್ನು ಕಂಪ್ಯೂಟರ್ ತಪ್ಪುತಪ್ಪಾಗಿ ಓದಿರುತ್ತದೆ. ಮೇಲಾಗಿ ಇಂಗ್ಲಿಷರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದ ಹಾಗೆ ಬರೆದವರು. ಬೆಳಗಾವಿಯ ಪುಟ ತೆಗೆದು ಸಾಲುಸಾಲಾಗಿ ಕಣ್ಣಾಡಿಸಿ.

ಆದರೂ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಆ ಡೈರೆಕ್ಟರಿಗಳಲ್ಲಿ ಸಾಹೇಬರು, ಸರಕಾರಿ ಅಧಿಕಾರಿಗಳು, ದೊಡ್ಡ ಕಂಪನಿಗಳೇ ತುಂಬಿರುತ್ತವೆ. ಪೇಟೆಯ ಸಣ್ಣ ಅಂಗಡಿಯವರನ್ನು ಯಾರು ಬರೆದುಕೊಂಡರು? ಹೆಸರು ಇಲ್ಲ ಅಂದರೆ ಅಂಗಡಿಯೇ ಇರಲಿಲ್ಲ ಅಂತಲ್ಲ.

ಶಹಾಪುರದವ:
ಯಾವ ಖಡೇಬಜಾರ, ಅಕ್ಕಾ? ಬೆಳಗಾವಿಯಲ್ಲೊಂದಿದೆ, ನಮ್ಮ ಶಹಾಪುರದಲ್ಲೊಂದಿದೆ. ಇದು ಸುಮ್ನೆ ಕೇಳುವ ಮಾತಲ್ಲ. ಈಗ ಎರಡೂ ಒಂದೇ ಊರು, ಆಗ ಹಾಗಿರಲಿಲ್ಲ. ಬೆಳಗಾವಿ ಮುಂಬಯಿ ಪ್ರಾಂತದ್ದು, ಬ್ರಿಟಿಷರದ್ದು. ಶಹಾಪುರ ಸಾಂಗ್ಲಿ ಸಂಸ್ಥಾನದ್ದು. 1948ರಲ್ಲಿ ಸಂಸ್ಥಾನ ವಿಲೀನ ಆಗುವವರೆಗೂ ಹಾಗೇ ಇತ್ತು. ಬೆಳಗಾವಿ ಅಂತಲೇ ಹುಡುಕುತ್ತಾ ಕೂತರೆ ಶಹಾಪುರದವರು ಸಿಗುವುದಾದರೂ ಹೇಗೆ? ಬಂಗಾರದ ಕಸುಬು ಅಂದಿರಲ್ಲ, ನನ್ನ ಅನುಮಾನ ನಮ್ಮ ಕಡೆಗೇ. ಸರಾಫ ಗಲ್ಲಿ ಇವತ್ತಿಗೂ ಇಲ್ಲಿದೆ.

ಆ ಪಾವತಿಯನ್ನು ಮೋಡಿ ಬಲ್ಲವರಿಗೆ ತೋರಿಸಿ. ಫೋಟೋ ತೆಗೆಯುವಾಗ ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು. ಮೇಲಿನ ಸಾಲು ಕತ್ತರಿಸಬೇಡಿ. ಊರು, ಮಿತಿ (ತಾರೀಖು) ಇರುವುದು ಅಲ್ಲೇ.

ಗೋಕಾಕದಾಕಿ:
ಪರಿಚಯದ ಮರಾಠಿ ಮೇಷ್ಟ್ರೊಬ್ಬರು ಓದಿಕೊಟ್ಟರು. ಮೇಲೆ "ಮುಕ್ಕಾಮ ಶಹಾಪುರ" ಅಂತಿದೆಯಂತೆ! ಮಿತಿ ಶಕ 1834. ಮನೆ ಯಾವಾಗಲೋ ಮಾರಿದ್ದಾರೆ. ಗಲ್ಲಿ ಗೊತ್ತು, ನಂಬರ್ ಗೊತ್ತಿಲ್ಲ.

ಶಹಾಪುರದವ:
ಶಕಕ್ಕೆ 78 ಕೂಡಿಸಿ, 1912 ಬರುತ್ತದೆ. ಪುಷ್ಯ ಅಥವಾ ಅದರಾಚೆಯ ತಿಂಗಳಾಗಿದ್ದರೆ 1913.

ಇನ್ನು ಡೈರೆಕ್ಟರಿ ಬದಿಗಿಡಿ. ಗಲ್ಲಿಗೆ ಬಂದು ಆ ಮನೆಯಲ್ಲಿ ಈಗಿರುವವರನ್ನೋ ಪಕ್ಕದವರನ್ನೋ ಸಿ.ಟಿ.ಎಸ್. ನಂಬರ್ (ಸಿಟಿ ಸರ್ವೆಯಲ್ಲಿ ಆ ಜಾಗಕ್ಕೆ ಕೊಟ್ಟ ಸಂಖ್ಯೆ) ಕೇಳಿ. ಅದನ್ನು ಹಿಡಿದು ಸಿಟಿ ಸರ್ವೆ ಕಚೇರಿಯಲ್ಲಿ ಪ್ರಾಪರ್ಟಿ ಕಾರ್ಡಿಗೆ, ಅಂದರೆ ಆಸ್ತಿಯ ಮಾಲೀಕರ ದಾಖಲೆಗೆ, ಅರ್ಜಿ ಹಾಕಿ. ಹೊಸ ಕಂಪ್ಯೂಟರ್ ಪ್ರತಿ ಜೊತೆಗೆ ಹಳೆ ಕೈಬರಹದ ಕಾರ್ಡಿನ ನಕಲೂ ಬೇಕು ಅಂತ ಬಾಯಿಬಿಟ್ಟು ಕೇಳಿ. ಖರೀದಿ, ವಾರಸಾ ನೋಂದುಗಳು ಅದರಲ್ಲೇ ಇರುವುದು. ಅಪ್ಪನ ಹೆಸರು, ಮಗನ ಹೆಸರು ಒಂದೇ ಸಾಲಿನಲ್ಲಿ ಸಿಕ್ಕರೆ ಒಂದು ತಲೆಮಾರು ಗಟ್ಟಿ.

ಟಿಳಕವಾಡಿ ಕಾಕಾ:
ನಿಮ್ಮ ಮನೆತನಕ್ಕೆ ಹೆಳವರು, ಅಂದರೆ ಮನೆಮನೆಗೆ ಬಂದು ವಂಶಾವಳಿ ಹೇಳುವವರು, ಬರುತ್ತಿದ್ದರಾ ಅಂತ ಹಿರಿಯರನ್ನು ಕೇಳಿ. ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟರು ಅನ್ನುವುದನ್ನೂ ಅವರು ಹೇಳಬಲ್ಲರು. ಅದು ಥ್ಯಾಕರ್ಸ್‌ನಲ್ಲಿ ಎಲ್ಲಿ ಸಿಗಬೇಕು?

ಗೋಕಾಕದಾಕಿ:
ಬರುತ್ತಿದ್ದರಂತೆ ಕಾಕಾ, ಅಜ್ಜಿಗೆ ನೆನಪಿದೆ. ಸೋಮವಾರ ಸಿಟಿ ಸರ್ವೆಗೆ ಹೋಗುತ್ತೇನೆ. ಕಾರ್ಡ್ ಸಿಕ್ಕರೆ ಇಲ್ಲೇ ಹಾಕುತ್ತೇನೆ.