ಪತ್ರದಲ್ಲಿ ಕ್ರಯ, ಒಳಗೆ ಸಾಲ: ಕೋರ್ಟು ಯಾವುದನ್ನ ನೋಡುತ್ತೆ?

ಪ್ರಶ್ನೆ (ಬೇಲೂರು ತಾಲ್ಲೂಕು):
2016ರಲ್ಲಿ ತಂಗಿ ಮದುವೆಗೆ ಅಂತ ಅಪ್ಪ ಒಬ್ಬರ ಹತ್ರ ಆರು ಲಕ್ಷ ತಗೊಂಡ್ರು. ಅವರು ಸಾಲಪತ್ರ ಬೇಡ ಅಂತ ಎರಡೆಕರೆ ರೊಬಸ್ಟಾ ಕಾಫಿ ತೋಟಕ್ಕೆ ಶುದ್ಧ ಕ್ರಯವನ್ನೇ ರಿಜಿಸ್ಟರ್ ಮಾಡಿಸಿಕೊಂಡ್ರು. ಅದೇ ದಿನ ಬೇರೆ ಛಾಪಾ ಕಾಗದದಲ್ಲಿ, ಐದು ವರ್ಷದೊಳಗೆ ದುಡ್ಡು ಕೊಟ್ರೆ ವಾಪಸ್ ಬರೆದುಕೊಡ್ತೀನಿ ಅಂತ ಕರಾರು. ತೋಟ ಇವತ್ತಿಗೂ ನಮ್ಮ ಕೈಯಲ್ಲೇ ಇದೆ, ಬಡ್ಡಿನೂ ಕಟ್ಟಿದ್ದೀವಿ. ಈಗ ಬಿಟ್ಟುಕೊಡಿ ಅಂತಿದ್ದಾರೆ. ಕಾನೂನು ಪತ್ರದ ಹೆಸರು ನೋಡಲ್ಲ, ವ್ಯವಹಾರದ ತಿರುಳು ನೋಡುತ್ತೆ ಅಂತಾರಲ್ಲ, ನಿಜವಾ?

ಉತ್ತರ 1 (ಹಾಸನ):
ನಿಜ. ಒಮ್ಮೆ ಅಡಮಾನ ಆದ್ರೆ ಯಾವತ್ತೂ ಅಡಮಾನವೇ. ಬಿಡಿಸಿಕೊಳ್ಳೋಕೆ 30 ವರ್ಷ ಇದೆ, ಹೆದರಬೇಡಿ.

ಉತ್ತರ 2 (ಚಿಕ್ಕಮಗಳೂರು, ನಿವೃತ್ತ ಪತ್ರಬರಹಗಾರ):
ಹಾಸನದವರು ಹೇಳಿದ್ದು ಅರ್ಧ. ಬಾಡಿಗೆ ವಿಷಯದಲ್ಲಾದ್ರೆ ಹೌದು. ದೆಹಲಿ ಇಂಪೀರಿಯಲ್ ಹೋಟೆಲ್ ಒಳಗಿನ ಕ್ಷೌರದಂಗಡಿ ಕೇಸಲ್ಲಿ ಪತ್ರಕ್ಕೆ 'ಲೈಸೆನ್ಸ್' (ಬರೀ ಬಳಸೋ ಅನುಮತಿ) ಅಂತ ಹೆಸರಿಟ್ಟಿದ್ರೂ ಅದು ಲೀಸೇ (ಬಾಡಿಗೆ ಹಕ್ಕೇ) ಅಂತ ಸುಪ್ರೀಂ ಕೋರ್ಟು 1959ರಲ್ಲೇ ಹೇಳ್ತು.

ನಿಮ್ಮದು ಹಾಗಲ್ಲ ಮಗಾ. ಆಸ್ತಿ ವರ್ಗಾವಣೆ ಕಾಯ್ದೆ 58(ಸಿ)ಗೆ 1929ರಲ್ಲಿ ಒಂದು ಬಾಲ ಸೇರಿಸಿದ್ರು: ವಾಪಸ್ ಕೊಡೋ ಷರತ್ತು ಕ್ರಯಪತ್ರದೊಳಗೇ ಇರಬೇಕು, ಇಲ್ದಿದ್ರೆ ಷರತ್ತಿನ ಕ್ರಯ ಅನ್ನೋ ಅಡಮಾನವೇ ಅಲ್ಲ. ಅಂದ್ರೆ ಇಲ್ಲಿ ರೂಪ ಇಲ್ದೆ ತಿರುಳಿಲ್ಲ ಅಂತ ಕಾನೂನೇ ಕೂತು ಬರೆದಿದೆ. ಬೇರೆ ಕಾಗದದಲ್ಲಿ ಬರೆಸಿದ್ದು ಸುಮ್ನೆ ಅಂದ್ಕೊಂಡ್ರಾ? ದುಡ್ಡು ಕೊಡೋರಿಗೆ ಇದು ಚೆನ್ನಾಗೇ ಗೊತ್ತಿರುತ್ತೆ. ಇನ್ನು ಕರಾರು ಹಿಡಿದು ಹೋಗೋಣ ಅಂದ್ರೆ ಗಡುವು 2021ಕ್ಕೇ ಮುಗೀತು. ವಾಪಸ್ ಕ್ರಯದಲ್ಲಿ ಗಡುವು ಅಂದ್ರೆ ಗಡುವೇ.

ಉಳಿದಿರೋದು ಒಂದು ಸಂದಿ. ಕ್ರಯವೇ ತೋರಿಕೆಯದು, ಮಾರೋ ಉದ್ದೇಶ ಇಬ್ಬರಿಗೂ ಇರ್ಲಿಲ್ಲ ಅಂತ ಬಾಯಿ ಸಾಕ್ಷ್ಯ ಕೊಡೋಕೆ ಅವಕಾಶ ಇದೆ. ಸುಪ್ರೀಂ ಕೋರ್ಟಿನ ಗಂಗಾಬಾಯಿ–ಛಬುಬಾಯಿ ಕೇಸ್ ಓದಿಸಿ. ಆದ್ರೆ ಬಾಯಿ ಮಾತಿಗೆ ಬೆನ್ನೆಲುಬು ಬೇಕು. 2016ರಿಂದ ಪಹಣಿ ಯಾರ ಹೆಸರಲ್ಲಿದೆ? ಕ್ಯೂರಿಂಗ್‌ಗೆ ಹಾಕಿದ ಕಾಫಿ ಚೀಟಿ, ಆಳುಗಳ ಬಟವಾಡೆ ಪುಸ್ತಕ, ಕಂದಾಯ ರಸೀದಿ? ಆಗ ಆ ಕಡೆ ಎಕರೆಗೆ ನಿಜವಾದ ರೇಟೆಷ್ಟಿತ್ತು?

ಪ್ರಶ್ನೆ ಕೇಳಿದವರು:
ಪಹಣಿ ಅಪ್ಪನ ಹೆಸರಲ್ಲೇ ಇದೆ ಸಾರ್, ಚೀಟಿಗಳೂ ಇವೆ. ಬಡ್ಡಿ ಮಾತ್ರ ಕೈಗೇ ಕೊಟ್ಟಿದ್ದು, ಕೊನೆ ಎರಡು ವರ್ಷದ್ದು ಫೋನ್‌ಪೇ.

ಉತ್ತರ 2:
ಆ ಎರಡು ವರ್ಷದ ಸ್ಟೇಟ್‌ಮೆಂಟ್ ಬ್ಯಾಂಕಿಂದ ಸೀಲ್ ಹಾಕಿಸಿ ತಗೊಳ್ಳಿ. ಮಾರಿಬಿಟ್ಟವರು ಯಾಕೆ ತಿಂಗಳು ತಿಂಗಳು ದುಡ್ಡು ಹಾಕ್ತಾರೆ ಅಂತ ಆ ಕಡೆಯವರೇ ಉತ್ತರ ಹೇಳ್ಲಿ. ಬೇಲೂರಲ್ಲೇ ಒಳ್ಳೆ ಸಿವಿಲ್ ವಕೀಲರನ್ನ ಈ ವಾರವೇ ನೋಡಿ. ಅಲ್ಲೀವರೆಗೆ ಅವರು ಕೊಡೋ ಯಾವ ಕಾಗದಕ್ಕೂ ಅಪ್ಪನ ಕೈಲಿ ಸಹಿ ಹಾಕಿಸಬೇಡಿ.