ವೈರ್‌ಲೆಸ್ ಚಾರ್ಜರ್ ಬಿಚ್ಚಿ ನೋಡಿದವರು ಇದ್ದೀರಾ?

ತಟ್ಟೆ ಇಡ್ಲಿ:
ಅಪ್ಪನ ಮೊಬೈಲಿನ ಚಾರ್ಜಿಂಗ್ ಪಿನ್ ಸಡಿಲ ಆಗಿದೆ ಅಂತ ವೈರ್‌ಲೆಸ್ ಪ್ಯಾಡ್ ತಂದುಕೊಟ್ಟಿದ್ದೆ. ಎಂಟು ತಿಂಗಳಾಯಿತು. ಈಗ ಹತ್ತು ನಿಮಿಷ ಚಾರ್ಜ್ ಆಗಿ, ಕೆಂಪು ದೀಪ ಮಿಣುಕಿ ನಿಂತುಬಿಡುತ್ತದೆ. ವಾರಂಟಿ ಮುಗಿದಿದೆ. ಬಿಚ್ಚಲಾ? ಅನುಭವ ಇದ್ದವರು ಹೇಳಿ.

ಸೋಲ್ಡರ್ ಸೀನ:
ನಾನು ಬಿಚ್ಚಿದೆ, ನನ್ನ ಗೋಳು ಕೇಳಿ. 1,350 ರೂಪಾಯಿಯ ಪ್ಯಾಡ್. ಮೊಬೈಲಿಗೆ ಶಕ್ತಿ ದಾಟಿಸುವ ತಂತಿ ಸುರುಳಿ, ಅದೇ ಕಾಯಿಲ್, ಅದರ ಒಂದು ತುದಿ ಬೋರ್ಡಿನಿಂದ ಬಿಟ್ಟುಕೊಂಡಿತ್ತು. ಎರಡು ನಿಮಿಷದ ಕೆಲಸ ಅಂದುಕೊಂಡೆ. ನೋಡಿದರೆ ಅದು ಒಂದು ತಂತಿ ಅಲ್ಲ, ಕೂದಲಿನಂಥ ಹತ್ತಾರು ಎಳೆ, ಒಂದೊಂದಕ್ಕೂ ಬೇರೆ ವಾರ್ನಿಷ್. ಬ್ಲೇಡಿನಲ್ಲಿ ಕೆರೆದೆ, ಅರ್ಧ ಎಳೆ ತುಂಡು. ಸೋಲ್ಡರ್ ಹಿಡಿಯಲೇ ಇಲ್ಲ. ಕಾಯಿಲ್ ಎಬ್ಬಿಸಲು ಹೋದರೆ ಕೆಳಗಿನ ಫೆರೈಟ್ ಬಿಲ್ಲೆ (ಕಾಂತಕ್ಷೇತ್ರ ಹಿಡಿದಿಡುವ ಪಿಂಗಾಣಿಯಂಥ ತುಂಡು) ಹಪ್ಪಳದ ಹಾಗೆ ಮುರಿಯಿತು. ಮೋಟಾರ್ ವೈಂಡಿಂಗ್ ಅಂಗಡಿಯಿಂದ 120 ರೂಪಾಯಿಗೆ ದಪ್ಪ ತಾಮ್ರದ ತಂತಿ ತಂದು ನಾನೇ ಸುತ್ತಿದೆ. ಐದೇ ನಿಮಿಷಕ್ಕೆ ದೋಸೆ ಕಾವಲಿ! ಸೆಕೆಂಡಿಗೆ ಲಕ್ಷಕ್ಕಿಂತ ಜಾಸ್ತಿ ಸಲ ತಿರುಗುವ ಕರೆಂಟು ತಂತಿಯ ಮೇಲ್ಪದರದಲ್ಲೇ ಓಡುತ್ತದೆ. ದಪ್ಪ ಇದ್ದು ಏನು ಬಂತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಎರಡು ಸಲ ಆಟೋ, 640. ಒಟ್ಟು 2,110. ಎರಡನೇ ಸಲ ಮಳೆ ಬೇರೆ.

ಬೈಟು ಕಾಫಿ:
ಸುತ್ತು ಎಣಿಸಿದ್ದಿರಾ? ಕಾಯಿಲ್‌ಗೂ ಪಕ್ಕದ ಕೆಪಾಸಿಟರ್‌ಗೂ ತಾಳ ಕೂಡಬೇಕು. ಹೇಗೋ ಸುತ್ತಿದರೆ ಕೆಲಸ ಮಾಡಲ್ಲ.

ಸೋಲ್ಡರ್ ಸೀನ:
ಹತ್ತು ಸುತ್ತು, ಎಣಿಸಿಯೇ ಸುತ್ತಿದ್ದು ಸ್ವಾಮಿ. ನೀವು ಒಂದನ್ನಾದರೂ ಬಿಚ್ಚಿದ್ದೀರಾ?

ಬೈಟು ಕಾಫಿ:
ಬಿಚ್ಚುವ ಪ್ರಮೇಯವೇ ಬರಲಿಲ್ಲ. ನನ್ನದೂ ಹೀಗೇ ನಿಲ್ಲುತ್ತಿತ್ತು. ಹಳೇ 5 ವೋಲ್ಟ್ ಅಡಾಪ್ಟರ್ ಬಿಟ್ಟು 9 ವೋಲ್ಟ್ ಕೊಡುವುದನ್ನು 899ಕ್ಕೆ ತಂದೆ. ಆಮೇಲೂ ನಿಂತಿತು. ಕಡೆಗೆ ಸಿಕ್ಕಿದ್ದು ಏನು ಗೊತ್ತಾ? ಕಾರಿನ ಮ್ಯಾಗ್ನೆಟ್ ಹೋಲ್ಡರ್‌ಗೆ ಅಂತ ಕವರ್ ಒಳಗೆ ಅಂಟಿಸಿದ್ದ ಕಬ್ಬಿಣದ ತಗಡು. ಕಾಯಿಲ್‌ನ ಶಕ್ತಿ ಅದಕ್ಕೇ ಹೋಗಿ ಬಿಸಿಯಾಗುತ್ತಿತ್ತು. ಕೊಟ್ಟಿದ್ದಕ್ಕೂ ಮೊಬೈಲಿಗೆ ತಲುಪಿದ್ದಕ್ಕೂ ಲೆಕ್ಕ ತಾಳೆ ಆಗದಿದ್ದರೆ ಪ್ಯಾಡ್ ತಾನೇ ನಿಲ್ಲಿಸುತ್ತದೆ. 899 ದಂಡ.

ಮಲೆನಾಡು ಮಳೆ:
ಮೊಬೈಲು ಪ್ಯಾಡಿಗೆ ಆ ಲೆಕ್ಕ ಹೇಳುವುದು ಬ್ಲೂಟೂತ್‌ನಲ್ಲಿ. ಅದನ್ನು ಆನ್ ಇಡಿ ಸಾಕು.

ಸೋಲ್ಡರ್ ಸೀನ:
ಸುಮ್ನೆ ಏನೇನೋ ಹೇಳಬೇಡಿ. ‘ಚೀ’ (Qi, ಈ ವೈರ್‌ಲೆಸ್ ಚಾರ್ಜಿಂಗ್ ಮಾನದಂಡದ ಹೆಸರು) ಪ್ಯಾಡಿಗೆ ಬ್ಲೂಟೂತ್ ಯಾಕೆ? ಮೊಬೈಲು ತಾನು ಎಳೆಯುವ ಲೋಡನ್ನೇ ಚೂರು ಏರಿಸಿ ಇಳಿಸುತ್ತದೆ. ಆ ಏರಿಳಿತ ಪ್ಯಾಡಿನ ಕಾಯಿಲ್‌ನಲ್ಲಿ ಕಾಣುತ್ತದೆ. ಸೆಕೆಂಡಿಗೆ 2,000 ಬಿಟ್. ‘ಜಾಸ್ತಿ ಕೊಡು, ಕಡಿಮೆ ಕೊಡು’ ಅನ್ನಲು ಅಷ್ಟು ಸಾಕು.

ಮಲೆನಾಡು ಮಳೆ:
ಎರಡು ಸಾವಿರ ಕಳೆದುಕೊಂಡವರು ಪಾಠ ಮಾಡ್ತಾರೆ. ನಾನಂತೂ ವೈರಿಗೇ ವಾಪಸ್ ಬಂದೆ. ಕರೆಂಟು ದಂಡ, ಬ್ಯಾಟರಿಗೆ ಬಿಸಿ.

ಬೈಟು ಕಾಫಿ:
ಬಿಸಿ ಒಪ್ಪಿದೆ. ಕರೆಂಟು ದಂಡ ಎಷ್ಟು ಸಾರ್? 4,000 ಎಂಎಎಚ್ ಬ್ಯಾಟರಿ ತುಂಬಲು ದಿನಾ ಏಳು ವ್ಯಾಟ್-ಅವರ್ ಜಾಸ್ತಿ ಹಿಡಿಯಿರಿ. ವರ್ಷಕ್ಕೆ ಎರಡೂವರೆ ಯೂನಿಟ್. ಒಂದು ಕಾಫಿ ದುಡ್ಡು.

ಮಲೆನಾಡು ಮಳೆ:
ಇಡೀ ಊರಿನವರು ಹೀಗೇ ಅಂದರೆ?

ತಟ್ಟೆ ಇಡ್ಲಿ:
ಅಪ್ಪನ ಕವರ್ ಒಳಗೆ ತಗಡು ಇಲ್ಲ, ಈಗಷ್ಟೇ ನೋಡಿದೆ. ಬಿಚ್ಚಲಾ ಬೇಡವಾ?

ಸೋಲ್ಡರ್ ಸೀನ:
ಒಂದು ನಿಮಿಷ ಇರಿ. ಮಳೆಯವರೇ, ‘ಪಾಠ’ ಅಂದಿರಲ್ಲ, ಬ್ಲೂಟೂತ್ ಚಿಪ್ ಎಲ್ಲಿರುತ್ತದೆ, ಬೋರ್ಡಿನ ಫೋಟೋ ಹಾಕಿ ತೋರಿಸಿ.